ಮೊದಲ ಪಿಸ್ತೂಲು ಕೊಳ್ಳೋ ಮುಂಚೆ: ಲೈಸೆನ್ಸು, ಬೋರು, ಖರ್ಚಿನ ಪೂರ್ತಿ ಲೆಕ್ಕ

ಜಕ್ಕೂರು: 2024ರ ಮಾರ್ಚ್‌ನಲ್ಲಿ ಪಕ್ಕದ ಕೊಡಿಗೇಹಳ್ಳಿಯ ದೇವಿನಗರದಲ್ಲಿ ಪಿಸ್ತೂಲು ಹಿಡಿದವರು ಹಾಡಹಗಲೇ ಚಿನ್ನದಂಗಡಿಗೆ ನುಗ್ಗಿದ್ದರು. ಗುಂಡು ಹಾರಿ ಅಂಗಡಿಯಲ್ಲಿದ್ದವರಿಗೆ ಗಾಯವಾಗಿತ್ತು. ಇಂಥ ಸುದ್ದಿ ಬಂದಾಗಲೆಲ್ಲ ಅಂಗಡಿ ಬೀದಿಯಲ್ಲಿ ಏಳೋ ಪ್ರಶ್ನೆ ಒಂದೇ: “ನಾವೂ ಒಂದು ಪಿಸ್ತೂಲು ಇಟ್ಕೋಬಹುದಾ? ಎಷ್ಟಾಗುತ್ತೆ?”

ಇಟ್ಕೋಬಹುದು, ಆದರೆ ಲೈಸೆನ್ಸ್ ಸಿಕ್ಕರೆ ಮಾತ್ರ. ಎಷ್ಟಾಗುತ್ತೆ ಅನ್ನೋದಕ್ಕೆ ಪಿಸ್ತೂಲಿನ ಬೆಲೆಯೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತೆ. ಮಧ್ಯಮ ಬಜೆಟ್‌ನಲ್ಲಿ ಮೊದಲ ಬಾರಿ ಕೊಳ್ಳೋರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಮೊದಲು ಲೈಸೆನ್ಸು, ಆಮೇಲೆ ಅಂಗಡಿ

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳೋ ಹಾಗಿಲ್ಲ. ಅರ್ಜಿ ಹಾಕೋರಿಗೆ 21 ವರ್ಷ ತುಂಬಿರಬೇಕು. ಜಕ್ಕೂರು ಬೆಂಗಳೂರು ನಗರ ಪೊಲೀಸ್ ವ್ಯಾಪ್ತಿಯಲ್ಲಿರೋದರಿಂದ ಇಲ್ಲಿನವರಿಗೆ ಲೈಸೆನ್ಸ್ ಕೊಡೋ ಅಧಿಕಾರ ನಗರ ಪೊಲೀಸ್ ಕಮಿಷನರ್ ಅವರದ್ದು. ಆಚೆ ದೊಡ್ಡಬಳ್ಳಾಪುರದ ಕಡೆಯವರಾದರೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು.

ಅರ್ಜಿ ಬಂದ ಮೇಲೆ ಸರಹದ್ದಿನ ಠಾಣೆಯಿಂದ ವರದಿ ಹೋಗುತ್ತೆ. ಕೇಸು, ಜಗಳ, ನಡತೆ ಎಲ್ಲವನ್ನೂ ನೋಡ್ತಾರೆ. ವೈದ್ಯರ ಪ್ರಮಾಣಪತ್ರ, ಮನೆಯಲ್ಲಿ ಸುರಕ್ಷಿತವಾಗಿ ಇಡ್ತೀವಿ ಅನ್ನೋ ಮುಚ್ಚಳಿಕೆ ಬೇಕು. “ಎಲ್ಲರ ಹತ್ರ ಇದೆ, ನಂಗೂ ಬೇಕು” ಅನ್ನೋದು ಕಾರಣ ಆಗಲ್ಲ. ಮಾಡುವ ವ್ಯಾಪಾರದಿಂದಲೋ ಬೇರೆ ಕಾರಣದಿಂದಲೋ ಜೀವಕ್ಕೆ ಅಪಾಯ ಇದೆ ಅನ್ನೋದನ್ನು ತೋರಿಸಬೇಕು. ಅಡವಿನಂಗಡಿ, ಚಿನ್ನದ ವ್ಯಾಪಾರ, ರಾತ್ರಿ ಹೊತ್ತು ನಗದು ಸಾಗಿಸೋ ಕೆಲಸ ಇರೋರು ದೂರು ಕೊಟ್ಟ ದಾಖಲೆ, ವ್ಯಾಪಾರದ ಕಾಗದಪತ್ರ ಜೋಡಿಸಿಟ್ಟುಕೊಂಡರೆ ಒಳ್ಳೇದು. ಅಷ್ಟಾದರೂ ಲೈಸೆನ್ಸ್ ಕೊಡೋದು ಬಿಡೋದು ಅಧಿಕಾರಿಯ ತೀರ್ಮಾನ. ಹಾಗಾಗಿ ಲೈಸೆನ್ಸ್ ಕೈಗೆ ಬರೋವರೆಗೂ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

2019ರ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳೋಕೆ ಅವಕಾಶ ಇಲ್ಲ. ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ.

ಯಾವ ಬೋರು ಸಿಗುತ್ತೆ?

ಸಿನಿಮಾದಲ್ಲಿ ಕಾಣೋ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ಸಿಗಲ್ಲ. ಸೇನೆ, ಪೊಲೀಸರು ಬಳಸೋ 9 ಎಂಎಂ ಮತ್ತು ಪಾಯಿಂಟ್ 45 ಗುಂಡು ಹಾರಿಸೋ ಪಿಸ್ತೂಲುಗಳು ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. ಆತ್ಮರಕ್ಷಣೆಗೆ ಅಂತ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಕೊಳ್ಳೋರಿಗೆ ಇಲ್ಲಿ ಸಾಮಾನ್ಯವಾಗಿ ಸಿಗೋದು ಪಾಯಿಂಟ್ 32 ಬೋರು, ಅಂದರೆ 7.65 ಎಂಎಂ.

ಹೊಸದರಲ್ಲಿ ಹೆಚ್ಚು ಪರಿಚಿತವಾದದ್ದು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ ‘ಅಶನಿ’ ಪಿಸ್ತೂಲು. ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಏಳು ಕಂಪನಿಗಳಾಗಿವೆ. ಇಶಾಪುರ ಈಗ ಕಾನ್ಪುರದಲ್ಲಿ ಮುಖ್ಯ ಕಚೇರಿ ಇರೋ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಕೆಳಗೆ ಬರುತ್ತೆ.

ಪಿಸ್ತೂಲೋ, ರಿವಾಲ್ವರ್ರೋ?

ಸೆಮಿ ಆಟೊಮ್ಯಾಟಿಕ್ ಅಂದರೆ ಒತ್ತಿ ಹಿಡಿದರೆ ದಡದಡ ಹಾರೋದು ಅಂತಲ್ಲ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಹಾರಿದ ರಭಸಕ್ಕೆ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ತೋಟಾವನ್ನು ಎಸೆದು, ಹಿಡಿಯೊಳಗಿನ ಮ್ಯಾಗಜೀನ್‌ನಿಂದ ಮುಂದಿನ ಗುಂಡನ್ನು ತಾನೇ ಚೇಂಬರ್‌ಗೆ ತಳ್ಳುತ್ತೆ. ಪಿಸ್ತೂಲು ಚಪ್ಪಟೆಯಾಗಿರುತ್ತೆ, ಮ್ಯಾಗಜೀನ್ ಬದಲಿಸೋದೂ ಬೇಗ. ಆದರೆ ಅಭ್ಯಾಸ ಬೇಕು. ಗುಂಡು ಸಿಕ್ಕಿಹಾಕಿಕೊಂಡರೆ ಬಿಡಿಸೋಕೆ ಗೊತ್ತಿರಬೇಕು.

ರಿವಾಲ್ವರ್‌ನಲ್ಲಿ ತಿರುಗೋ ಚಕ್ರದಲ್ಲಿ ಗುಂಡು ಇದೆಯೋ ಇಲ್ಲವೋ ಅಂತ ಚಕ್ರ ಹೊರಗೆ ತೆಗೆದರೆ ಕಣ್ಣಿಗೇ ಕಾಣುತ್ತೆ. ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತೆ. ಅಭ್ಯಾಸಕ್ಕೆ ಹೋಗೋಕೆ ಪುರುಸೊತ್ತೇ ಇಲ್ಲ ಅನ್ನೋರಿಗೆ ಇದೇ ಸರಳ.

ಇಲ್ಲಿ ಹೊಸಬರು ಎಡವೋ ಜಾಗ ಒಂದಿದೆ. ಪಿಸ್ತೂಲಿಗೂ ರಿವಾಲ್ವರ್‌ಗೂ ‘ಪಾಯಿಂಟ್ 32’ ಅಂತಲೇ ಕರೆದರೂ ಗುಂಡು ಬೇರೆ ಬೇರೆ. ಪಿಸ್ತೂಲಿಗೆ ಬೇಕಿರೋದು ಎಸಿಪಿ ಗುಂಡು. ಸರ್ಕಾರಿ ಕಾರ್ಖಾನೆಯ ರಿವಾಲ್ವರ್‌ಗೆ ಅದಕ್ಕಿಂತ ಉದ್ದದ ಎಸ್ ಅಂಡ್ ಡಬ್ಲ್ಯು ಲಾಂಗ್. ಒಂದರದ್ದು ಇನ್ನೊಂದಕ್ಕೆ ಹಾಕೋ ಹಾಗಿಲ್ಲ.

ಬಿಲ್ಲಿನ ಆಚೆಗಿನ ಖರ್ಚು

ದೇಸಿ ಕೈಬಂದೂಕಿನ ಬೆಲೆ ಹೇಗಿರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ: 2014ರಲ್ಲಿ ಕಾನ್ಪುರದ ಕಾರ್ಖಾನೆ ಹೊರತಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರ್‌ಗೆ ಆಗಲೇ ಸುಮಾರು 1.22 ಲಕ್ಷ ರೂಪಾಯಿ ಇತ್ತು.

2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ತೆರಿಗೆಗೆ ಮುಂಚಿನ ಬೆಲೆ 1 ಲಕ್ಷ ಅಂತಿಟ್ಟುಕೊಂಡರೆ, ಮೊದಲು 1.28 ಲಕ್ಷ ಆಗ್ತಿದ್ದ ಬಿಲ್ಲು ಈಗ 1.40 ಲಕ್ಷ. ಹಳೇ ದರಪಟ್ಟಿ ನೋಡಿ ದುಡ್ಡು ಹೊಂದಿಸಿಕೊಂಡು ಹೋದರೆ ಕೌಂಟರಿನಲ್ಲಿ ಕೈಕಚ್ಚುತ್ತೆ.

ಇದರ ಮೇಲೆ ಗೋಡೆಗೋ ನೆಲಕ್ಕೋ ಬಿಗಿಯೋ ಲಾಕರ್, ಒಂದು ಹೆಚ್ಚುವರಿ ಮ್ಯಾಗಜೀನ್, ಸೊಂಟಕ್ಕೆ ಚರ್ಮದ ಕೇಸು, ಎಣ್ಣೆ ಬ್ರಷ್ಷು, ಅಭ್ಯಾಸದ ಗುಂಡು, ಲೈಸೆನ್ಸ್ ನವೀಕರಣ. ಇರೋ ದುಡ್ಡನ್ನೆಲ್ಲ ಪಿಸ್ತೂಲಿಗೇ ಸುರಿದು ಅಭ್ಯಾಸಕ್ಕೆ ಏನೂ ಉಳಿಸದೇ ಇರೋದಕ್ಕಿಂತ, ಸಾಧಾರಣದ್ದೇ ಕೊಂಡು ಕೈ ಪಳಗಿಸೋದು ಮೇಲು.

ಸೆಕೆಂಡ್ ಹ್ಯಾಂಡ್ ಆದರೆ

ವೈಯಕ್ತಿಕ ಬಳಕೆಗೆ ವಿದೇಶಿ ಪಿಸ್ತೂಲು ತರಿಸೋದು 1980ರ ದಶಕದಿಂದಲೇ ನಿಂತಿದೆ. ಅದಕ್ಕೇ ಹಳೇ ವಾಲ್ಥರ್, ವೆಬ್ಲಿ, ಕೋಲ್ಟ್‌ಗಳಿಗೆ ಇಲ್ಲಿ ಭಾರೀ ಬೆಲೆ. ಹೆಸರಿಗೆ ಮರುಳಾಗಬೇಡಿ. ನಳಿಗೆ ಸವೆದಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ, ಬಿಡಿಭಾಗ ಸಿಗದಿದ್ದರೆ ಅದು ಬೀರುವಿನ ಅಲಂಕಾರ ಅಷ್ಟೇ.

ಲೈಸೆನ್ಸ್ ಇರೋ ಖಾಸಗಿ ವ್ಯಕ್ತಿ ಮಾರೋದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು ಅನ್ನುತ್ತೆ ಕಾಯ್ದೆ. “ಇವತ್ತೇ ತಗೊಳ್ಳಿ, ಪೇಪರ್ ಆಮೇಲೆ ಮಾಡ್ಕೊಡ್ತೀನಿ” ಅಂದವರ ಹತ್ತಿರ ನಿಲ್ಲಲೇಬೇಡಿ. ಲೈಸೆನ್ಸ್ ಇಲ್ಲದ ಪಿಸ್ತೂಲಿನ ಜತೆ ಸಿಕ್ಕಿಬಿದ್ದರೆ ಜೈಲು ಖಚಿತ. ಕಳ್ಳನಾಡು ಪಿಸ್ತೂಲಾದರೆ ಕೈಯಲ್ಲೇ ಸಿಡಿಯೋ ಅಪಾಯ ಬೇರೆ.

ಕೌಂಟರಿನಲ್ಲಿ ಏನು ನೋಡಬೇಕು?

* ಹಿಡಿ ಅಂಗೈ ತುಂಬಬೇಕು, ತೋರುಬೆರಳು ಟ್ರಿಗರ್‌ಗೆ ಸಲೀಸಾಗಿ ಸಿಗಬೇಕು.
* ಸ್ಲೈಡನ್ನು ತಿಣುಕದೆ ಪೂರ್ತಿ ಹಿಂದಕ್ಕೆ ಎಳೆಯೋಕೆ ಬರಬೇಕು.
* ಸೇಫ್ಟಿ ಗುಂಡಿ ಹೆಬ್ಬೆರಳಿಗೆ ಎಟುಕಬೇಕು, ತಾನಾಗೇ ಸರಿಯಬಾರದು.
* ಪಿಸ್ತೂಲಿನ ಮೇಲಿನ ನಂಬರ್, ಬಿಲ್ಲಿನ ನಂಬರ್, ಲೈಸೆನ್ಸ್‌ನಲ್ಲಿ ಬರೆಯೋ ನಂಬರ್ ಮೂರೂ ಒಂದೇ ಇರಬೇಕು.
* ಆ ಗುಂಡು ಅದೇ ಅಂಗಡಿಯಲ್ಲಿ ವರ್ಷಪೂರ್ತಿ ಸಿಗುತ್ತಾ, ರಿಪೇರಿ ಎಲ್ಲಿ ಅಂತ ಕೇಳಿ.

ಮನೆಗೆ ಬಂದ ಮೇಲೆ

2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಇಟ್ಟಿದ್ದ ಬಂದೂಕನ್ನು ಹದಿಹರೆಯದ ಹುಡುಗನೊಬ್ಬ ಆಟಕ್ಕೆ ಎತ್ತಿಕೊಂಡ. ಗುಂಡು ಹಾರಿ ಪುಟ್ಟ ಮಗು ಸತ್ತಿತು. ಗಲ್ಲಾಪೆಟ್ಟಿಗೆ, ಹಾಸಿಗೆ ಕೆಳಗೆ, ಕಾರಿನ ಡ್ಯಾಶ್‌ಬೋರ್ಡ್ ಇವು ಯಾವುವೂ ಪಿಸ್ತೂಲು ಇಡೋ ಜಾಗ ಅಲ್ಲ. ಪಿಸ್ತೂಲು ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರಲಿ.

ಸೆಮಿ ಆಟೊಮ್ಯಾಟಿಕ್‌ನ ದೊಡ್ಡ ಮೋಸ ಇಲ್ಲೇ ಇದೆ: ಮ್ಯಾಗಜೀನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಚೇಂಬರ್ ಕಣ್ಣಾರೆ ನೋಡಬೇಕು. ಈ ಕ್ರಮ ತಿರುವುಮುರುವಾದರೆ ‘ಖಾಲಿ’ ಅಂದುಕೊಂಡ ಪಿಸ್ತೂಲೇ ಹಾರುತ್ತೆ.

ಚುನಾವಣೆ ಬಂದರೆ ಪೊಲೀಸರು ಹೇಳಿದಾಗ ಠಾಣೆಗೆ ಒಪ್ಪಿಸಿ ರಸೀದಿ ತಗೊಳ್ಳಬೇಕು. ಮದುವೆ, ಜಾತ್ರೆ ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು.

ಹಾರಿಸೋ ಹಕ್ಕು ಎಲ್ಲಿವರೆಗೆ?

ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ದರೋಡೆಕೋರ ಮೇಲೆ ಬಿದ್ದಾಗ, ಜೀವಕ್ಕೆ ಅಪಾಯ ಇದ್ದಾಗ ಈ ಹಕ್ಕು ನಿಮ್ಮ ಕಡೆಗಿರುತ್ತೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡೋ ಹಾಗಿಲ್ಲ. ಸರ ಕಿತ್ತುಕೊಂಡು ಓಡ್ತಿರೋನ ಬೆನ್ನಿಗೆ ಹಾರಿಸಿದರೆ ಕೇಸು ಅಂಗಡಿಯವರ ಮೇಲೇ ತಿರುಗಬಹುದು. ಜನ ತುಂಬಿದ ಬೀದಿಯಲ್ಲಿ ಗುರಿ ತಪ್ಪಿದ ಗುಂಡು ಎದುರಂಗಡಿಯವರಿಗೂ ತಾಗಬಹುದು.

ಹಾಗಾಗಿ ಅರ್ಜಿ ಬರೆಯೋ ಮುಂಚೆಯೇ ಒಂದು ಕೆಲಸ ಮಾಡಬಹುದು. ಪೊಲೀಸ್ ಇಲಾಖೆ ಆಗಾಗ ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರ ಮತ್ತೆ ಯಾವಾಗ ಅಂತ ಠಾಣೆಯಲ್ಲಿ ವಿಚಾರಿಸಿ, ಹೆಸರು ಕೊಟ್ಟು ಬನ್ನಿ. ಬಂದೂಕು ಹಿಡಿದು ನಾಲ್ಕು ಗುಂಡು ಹಾರಿಸಿ ನೋಡಿದ ಮೇಲೆ ಪಿಸ್ತೂಲು ಬೇಕೋ, ಗಟ್ಟಿ ಶಟರ್ ಮತ್ತು ಒಳ್ಳೇ ಸಿಸಿಟಿವಿ ಸಾಕೋ ಅನ್ನೋದು ತಾನಾಗೇ ಗೊತ್ತಾಗುತ್ತೆ.