ವೇಲಾಪುರದಿಂದ ಬೇಲೂರಿಗೆ: ಪೈಥಾನ್ ಲೂಪಿನ ಕೆಲಸ

ಹೊಯ್ಸಳರ ಕಾಲದ ಚರಿತ್ರೆಯಲ್ಲಿ ಬೇಲೂರು ವೇಲಾಪುರ, ಹಳೇಬೀಡು ದೋರಸಮುದ್ರ, ಅರಸೀಕೆರೆ ಅರಸಿಯಕೆರೆ. ಅಂಥದೊಂದು ಬರಹವನ್ನು ಶಾಲಾ ಮಕ್ಕಳಿಗೆಂದು ಇಂದಿನ ಹೆಸರುಗಳಿಗೆ ಬದಲಿಸಬೇಕು ಎನ್ನಿ. ನೂರು ಪುಟವಿದ್ದರೂ ಪೈಥಾನ್ ಭಾಷೆಯ ನಾಲ್ಕೈದು ಸಾಲು ಸಾಕು.

ಪೈಥಾನಿನಲ್ಲಿ ಪಠ್ಯಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಅದರಲ್ಲಿ ಒಂದು ಪದವನ್ನು ತೆಗೆದು ಇನ್ನೊಂದನ್ನು ಕೂರಿಸುವುದು ರಿಪ್ಲೇಸ್. ಪದಗಳು ಹಲವಿದ್ದರೆ ಹಳೆಯದು, ಹೊಸದು ಎಂದು ಜೋಡಿ ಜೋಡಿಯಾಗಿ ಡಿಕ್ಷನರಿ ಎಂಬ ಪಟ್ಟಿಯಲ್ಲಿ ಬರೆದಿಡುತ್ತಾರೆ. ಫಾರ್ ಲೂಪ್ ಆ ಪಟ್ಟಿಯಿಂದ ಒಂದೊಂದೇ ಜೋಡಿ ಎತ್ತಿಕೊಂಡು ಇಡೀ ಬರಹದ ಮೇಲೆ ರಿಪ್ಲೇಸ್ ನಡೆಸುತ್ತದೆ. ಸ್ಟ್ರಿಂಗ್ ತಾನಾಗಿ ಬದಲಾಗುವುದಿಲ್ಲ; ಪ್ರತಿ ಸುತ್ತಿನಲ್ಲೂ ಹೊಸ ಪ್ರತಿ ಹುಟ್ಟುತ್ತದೆ. ಅದನ್ನು ಅದೇ ಹೆಸರಿನಲ್ಲಿ ಉಳಿಸಿಕೊಂಡರೆ ಮಾತ್ರ ಮುಂದಿನ ಸುತ್ತಿಗೆ ಹಿಂದಿನ ಕೆಲಸ ಸಿಗುತ್ತದೆ.

ಕುಶಲತೆ ಬೇಕಾಗುವುದು ಪಟ್ಟಿಯ ಕ್ರಮದಲ್ಲಿ. ‘ದೋರಸಮುದ್ರ’ಕ್ಕೆ ‘ಹಳೇಬೀಡು’ ಎಂಬ ಜೋಡಿ ಮೊದಲು ಬಂದರೆ ‘ದೋರಸಮುದ್ರದ’ ಎಂಬುದು ‘ಹಳೇಬೀಡುದ’ ಆಗಿಬಿಡುತ್ತದೆ. ಆದ್ದರಿಂದ ಉದ್ದನೆಯ ರೂಪ ಮೇಲಿರಬೇಕು: ‘ದೋರಸಮುದ್ರದ’ಕ್ಕೆ ‘ಹಳೇಬೀಡಿನ’, ಅದರ ಕೆಳಗೆ ಬರಿಯ ಹೆಸರು. ಪೈಥಾನ್ 3.7ರಿಂದ ಡಿಕ್ಷನರಿ ನಾವು ಬರೆದ ಕ್ರಮವನ್ನೇ ಕಾಯ್ದುಕೊಳ್ಳುತ್ತದೆ.

ಉದ್ದನೆಯ ರೂಪದ ಆ ಒಂದು ಜೋಡಿಯಿಂದಲೇ ‘ದೋರಸಮುದ್ರದಲ್ಲಿ’ ಕೂಡ ‘ಹಳೇಬೀಡಿನಲ್ಲಿ’ ಆಗುತ್ತದೆ. ‘ವೇಲಾಪುರದ’ಕ್ಕೆ ‘ಬೇಲೂರಿನ’ ಎಂದು ಬರೆದರೆ ‘ವೇಲಾಪುರದಿಂದ’ ತಾನೇ ‘ಬೇಲೂರಿನಿಂದ’ ಆಗುವುದು ಇನ್ನೂ ಸೊಗಸು. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ‘ದಿ’ ಒಂದೇ ಅಕ್ಷರವಲ್ಲ. ದಕಾರ ಬೇರೆ, ಗುಡಿಸು ಬೇರೆ. ದಕಾರದವರೆಗಿನ ಭಾಗ ಬದಲಾಗಿ, ಉಳಿದ ಗುಡಿಸು ಹೊಸ ನಕಾರಕ್ಕೆ ಅಂಟಿಕೊಳ್ಳುತ್ತದೆ.

ಎಲ್ಲ ವಿಭಕ್ತಿಗಳೂ ಹೀಗೆ ಒಗ್ಗುವುದಿಲ್ಲ. ‘ವೇಲಾಪುರಕ್ಕೆ’ ಎಂಬುದು ‘ಬೇಲೂರಿಗೆ’ ಆಗಬೇಕು, ‘ವೇಲಾಪುರವನ್ನು’ ಎಂಬುದು ‘ಬೇಲೂರನ್ನು’. ಇವಕ್ಕೆ ಪ್ರತ್ಯೇಕ ಜೋಡಿಗಳೇ ಬೇಕು. ಅರಸೀಕೆರೆಗೆ ಆ ಕಷ್ಟವಿಲ್ಲ. ಹಳೆಯ ಹೆಸರೂ ಹೊಸ ಹೆಸರೂ ‘ಕೆರೆ’ಯಲ್ಲೇ ಮುಗಿಯುವುದರಿಂದ ಒಂದೇ ಜೋಡಿ ಎಲ್ಲ ರೂಪಗಳನ್ನೂ ನಿಭಾಯಿಸುತ್ತದೆ.

ಕೊನೆಗೆ ಬರಹವನ್ನು ಒಮ್ಮೆ ಕಣ್ಣಾರೆ ಓದಬೇಕು. ಎಲ್ಲಾದರೂ ‘ಹಳೇಬೀಡುಕ್ಕೆ’ ಕಂಡರೆ ಪಟ್ಟಿಯ ಮೇಲ್ಭಾಗಕ್ಕೆ ಇನ್ನೊಂದು ಜೋಡಿ ಸೇರಿಸಿ, ಮೂಲ ಬರಹದ ಮೇಲೆ ಮತ್ತೆ ನಡೆಸಿದರಾಯಿತು. ಪಟ್ಟಿ ಎಷ್ಟು ಬೆಳೆದರೂ ಲೂಪಿನ ಸಾಲುಗಳನ್ನು ಮುಟ್ಟಬೇಕಾಗಿಲ್ಲ.