ತೆರೆ ಮೇಲಿನ ರಕ್ತಕ್ಕೆ ಶಿಳ್ಳೆ, ಬೆರಳ ತುದಿಯ ಹನಿಗೆ ತಲೆಸುತ್ತು!

ಕ್ಲೈಮ್ಯಾಕ್ಸ್ ಫೈಟಿನಲ್ಲಿ ಹೀರೋ ಹಣೆಯಿಂದ ರಕ್ತ ಸುರಿಯುವಾಗ ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆಯುವವರಲ್ಲಿ ನಾನೂ ಒಬ್ಬ. ಆದರೆ ಗೆಳೆಯರೇ, ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಪಿಯುಸಿಯಲ್ಲಿ ರಕ್ತದ ಗುಂಪು ನೋಡೋಕೆ ಬೆರಳು ಚುಚ್ಚಿದ ದಿನ, ಒಂದೇ ಒಂದು ಹನಿ ಕಂಡು ದೊಪ್ಪನೆ ಬಿದ್ದವನೂ ನಾನೇ! ಇಡೀ ಕ್ಲಾಸು ನಕ್ಕಿತು. 'ಪುಕ್ಕಲ' ಅಂತ ಹೆಸರು ಬಿತ್ತು. ಮೊದಲು ಲ್ಯಾಬಿಗೆ ಹೋಗೋದು ಬಿಟ್ಟೆ, ಆಮೇಲೆ ಕಾಲೇಜನ್ನೇ ಬಿಟ್ಟೆ.

ನನ್ನ ಪುಕ್ಕಲುತನಕ್ಕೆ ಹೀಮೋಫೋಬಿಯಾ ಅನ್ನೋ ಹೆಸರಿದೆ ಅಂತ ಗೊತ್ತಾದದ್ದು ಬಹಳ ತಡವಾಗಿ.

ಭಯಕ್ಕೂ ಒಬ್ಬ ದೇವರು!

ಗ್ರೀಕ್ ಪುರಾಣದಲ್ಲಿ ಯುದ್ಧದೇವತೆಯ ಮಗ ಫೋಬೋಸ್. ಭಯದ ದೇವರು. ಫೋಬಿಯಾ ಅನ್ನೋ ಪದ ಬಂದದ್ದು ಅಲ್ಲಿಂದ. ಹಾಗಂತ ಎಲ್ಲ ಹೆದರಿಕೆಯೂ ಫೋಬಿಯಾ ಅಲ್ಲ. ಹುಲಿ ಎದುರಾದರೆ ಓಡುವುದು ಬುದ್ಧಿವಂತಿಕೆ. ಅಪಾಯವಿಲ್ಲ ಅಂತ ಗೊತ್ತಿದ್ದೂ ಮೈ ಬೆವರಿ, ಅದಕ್ಕಾಗಿ ಓದು, ಕೆಲಸ ಬಿಟ್ಟು ತಪ್ಪಿಸಿಕೊಂಡು ತಿರುಗಿದರೆ ಅದು ಫೋಬಿಯಾ.

ಸಿನಿಮಾದವರೂ ಬಿಟ್ಟಿಲ್ಲ

1958ರ 'ವರ್ಟಿಗೋ' ಚಿತ್ರದ ಪತ್ತೇದಾರನಿಗೆ ಎತ್ತರ ಅಂದರೆ ಭಯ, ಆಕ್ರೋಫೋಬಿಯಾ. ಕ್ಯಾಮೆರಾ ಒಂದು ದಿಕ್ಕಿಗೆ, ಜೂಮ್ ಇನ್ನೊಂದು ದಿಕ್ಕಿಗೆ ಓಡಿಸಿ ಅವನ ತಲೆಸುತ್ತನ್ನು ನಮಗೂ ಹತ್ತಿಸಿದರು. ಅದರ ನಿರ್ದೇಶಕ ಹಿಚ್‌ಕಾಕ್ ತಮಗೆ ಮೊಟ್ಟೆ ಕಂಡರೆ ಭಯ ಅಂತ ಹೇಳಿಕೊಂಡಿದ್ದರು! 1981ರಲ್ಲಿ ಬಂದ ಇಂಡಿಯಾನಾ ಜೋನ್ಸ್ ಶೂರನಿಗೆ ಹಾವಿನ ಭಯ. 2000ದ ತಮಿಳು 'ತೆನಾಲಿ'ಯ ಕಮಲ್ ಹಾಸನ್‌ಗಂತೂ ಕಂಡದ್ದೆಲ್ಲ ಭಯ.

ಇಕ್ಕಟ್ಟಿನ ಜಾಗದ ಭಯ ಕ್ಲಾಸ್ಟ್ರೋಫೋಬಿಯಾ. ಸರ್ಕಸ್ ಜೋಕರಿನ ಭಯ ಕೌಲ್ರೋಫೋಬಿಯಾ. 13ರ ಭಯ ಟ್ರಿಸ್ಕೈಡೆಕಾಫೋಬಿಯಾ. ಈ ಹೆಸರು ಹೇಳೋಕೇ ಭಯ ಆಗುತ್ತೆ ಬಿಡಿ!

ರಕ್ತದ್ದೇ ಬೇರೆ ಕಥೆ

ಬೇರೆ ಫೋಬಿಯಾಗಳಲ್ಲಿ ಬಿ.ಪಿ. ಏರುತ್ತೆ. ರಕ್ತ, ಸೂಜಿಯ ಭಯದಲ್ಲಿ ಮೊದಲು ಏರಿ, ಆಮೇಲೆ ಸರ್ರನೆ ಇಳಿಯುತ್ತೆ. ಮೆದುಳಿಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ. ಇದು ಹೇಡಿತನವಲ್ಲ ಸ್ವಾಮೀ, ದೇಹದ ಆಟ! ಮದ್ದೂ ಸುಲಭ. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡು, ಮುಖ ಬಿಸಿಯಾಗುವ ತನಕ ಬಿಗಿಹಿಡಿಯಬೇಕು. 20-30 ಸೆಕೆಂಡು ಸಡಿಲಬಿಡಬೇಕು. ಹೀಗೆ ಐದು ಸಲ. ಬಿ.ಪಿ. ಬೀಳೋದಿಲ್ಲ. ಜೊತೆಗೆ ಭಯದ ವಸ್ತುವಿಗೆ ಮೆಟ್ಟಿಲು ಮೆಟ್ಟಿಲಾಗಿ ಎದುರಾಗಬೇಕು. ಮೊದಲು ಚಿತ್ರ, ಆಮೇಲೆ ಸೂಜಿ, ಕೊನೆಗೆ ರಕ್ತ. ಇದನ್ನು ಮನೋವೈದ್ಯರ ಹತ್ತಿರವೇ ಕಲಿಯಬೇಕು. ಕೇಳೋಕೆ ನಾಚಿಕೆಯಾದರೆ ಸರ್ಕಾರದ ಟೆಲಿ-ಮಾನಸ್ ಇದೆ, ಫೋನ್ ನಂಬರು 14416.

ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ನಮ್ಮ ಅಭಿಮಾನಿ ಸಂಘದವರು ಪ್ರತಿವರ್ಷ ರಕ್ತದಾನ ಮಾಡುತ್ತಾರೆ. ನಾನು ಪ್ರತಿವರ್ಷ 'ಜ್ವರ' ಬರಿಸಿಕೊಳ್ಳುತ್ತಿದ್ದೆ. ಈ ಸಲ ಡಾಕ್ಟರಿಗೆ ಮೊದಲೇ ವಿಷಯ ಹೇಳಿ ಮಂಚದ ಮೇಲೆ ಮಲಗಿದೆ. ಕಾಲು ಬಿಗಿಹಿಡಿದೆ. 350 ಮಿ.ಲೀ. ಕೊಟ್ಟೆ. ಬೀಳಲಿಲ್ಲ!

ಪಕ್ಕದ ಮಂಚದ ಹುಡುಗ ಸೂಜಿ ಕಂಡು ಬಿಳಿಚಿಕೊಂಡಿದ್ದ. ನಾಲ್ಕು ಜನ ನಗುತ್ತಿದ್ದರು. ನಾನು ನಗಲಿಲ್ಲ. "ತಮ್ಮಾ, ಕಾಲು ಬಿಗಿಹಿಡಿ" ಅಂದೆ.