ಮಿನುಗುದೀಪದ ಲಯ: ತುರ್ತುವಾಹನಗಳ ಎಚ್ಚರಿಕೆಯ ಬೆಳಕಿನ ವಿಚಾರ

ಸಂಕೇತವೆಂಬುದು ಎರಡು ಬಗೆಯ ಕಾರ್ಯಗಳನ್ನು ನೆರವೇರಿಸಬೇಕಾಗಿರುವುದು. ಮೊದಲನೆಯದಾಗಿ ಅದು ನೋಡುವವನ ಗಮನವನ್ನು ತನ್ನೆಡೆಗೆ ಸೆಳೆಯಬೇಕು. ಎರಡನೆಯದಾಗಿ, ಸೆಳೆದ ಬಳಿಕ ಅವನಿಗೆ ನಿಶ್ಚಿತವಾದ ಒಂದು ಅರ್ಥವನ್ನು ತಿಳಿಯಪಡಿಸಬೇಕು. ಮಾತಿನ ವಿಷಯದಲ್ಲಿ ಇವೆರಡನ್ನೂ ಶಾಸ್ತ್ರಕಾರರು ಬಹುಕಾಲದಿಂದ ವಿಚಾರಿಸುತ್ತ ಬಂದಿರುವರು. ಬೆಳಕಿನ ಸಂಕೇತಕ್ಕೂ ಈ ವಿಚಾರವು ಅಷ್ಟೇ ಚೆನ್ನಾಗಿ ಸಲ್ಲುತ್ತದೆ. ಆಂಬುಲೆನ್ಸು, ಬೆಂಕಿಯಾರಿಸುವ ವಾಹನ, ಪೋಲೀಸರ ವಾಹನ ಇವುಗಳ ನೆತ್ತಿಯ ಮೇಲೆ ಮಿನುಗುವ ದೀಪವು ‘ದಾರಿ ಬಿಡಿ’ ಎಂದೋ ‘ಇಲ್ಲಿ ಅಪಾಯವಿದೆ, ಮೆಲ್ಲಗೆ ಬನ್ನಿ’ ಎಂದೋ ಹೇಳುವ ಶಬ್ದವಿಲ್ಲದ ವಾಕ್ಯವಾಗಿದೆ. ಆ ವಾಕ್ಯವು ಎಷ್ಟು ಪ್ರಖರವಾಗಿರಬೇಕು, ಸೆಕೆಂಡಿಗೆ ಎಷ್ಟು ಸಲ ಮಿನುಗಬೇಕು, ಯಾವ ಬಣ್ಣದ್ದಾಗಿರಬೇಕು ಎಂಬ ಪ್ರಶ್ನೆಗಳಿಗೆ ‘ಹೆಚ್ಚಾದಷ್ಟೂ ಒಳಿತು’ ಎಂಬ ಉತ್ತರವೇ ಮೊದಲು ತೋರುವುದು ಸಹಜ. ಆದರೆ ಈ ಉತ್ತರವು ಅರ್ಧಸತ್ಯ. ಕೆಲವು ಸಂದರ್ಭಗಳಲ್ಲಿ ಅಪಾಯಕರವೂ ಹೌದು.

ಮಿನುಗುದೀಪದ ಮೂಲವು ರಸ್ತೆಯಲ್ಲಿಲ್ಲ, ಕಡಲತೀರದಲ್ಲಿದೆ. ಸ್ಥಿರವಾಗಿ ಉರಿಯುವ ದೀಪಸ್ತಂಭದ ಬೆಳಕನ್ನು ನಾವಿಕರು ನಕ್ಷತ್ರವೆಂದೋ ತೀರದ ಮನೆಯ ದೀಪವೆಂದೋ ಭ್ರಮಿಸುವುದುಂಟು. ಈ ತೊಡಕು ತಪ್ಪಲೆಂದು ೧೭೮೧ರಲ್ಲಿ ಸ್ವೀಡನ್ ದೇಶದ ಕಾರ್ಲ್‌ಸ್ಟೆನ್ ದೀಪಸ್ತಂಭದಲ್ಲಿ ಸುತ್ತುವ ದೀಪವನ್ನು ಸ್ಥಾಪಿಸಿದರು. ೧೮೨೩ರಲ್ಲಿ ಫ್ರಾನ್ಸಿನ ಕೋರ್ದುವಾನ್ ಸ್ತಂಭದಲ್ಲಿ ಫ್ರೆನೆಲನ ಮಸೂರವು ಸುತ್ತತೊಡಗಿದಾಗ ಬೆಳಕು ದೂರದೂರಕ್ಕೆ ಎಸೆಯಲ್ಪಡುವಂತಾಯಿತು. ೧೮೫೧ರಲ್ಲಿ ಇಂಗ್ಲೆಂಡಿನ ಗಣಿತಜ್ಞನಾದ ಚಾರ್ಲ್ಸ್ ಬ್ಯಾಬೇಜನು, ಪ್ರತಿಯೊಂದು ಸ್ತಂಭವೂ ತನ್ನ ಬೆಳಕನ್ನು ಗೊತ್ತಾದ ಕ್ರಮದಲ್ಲಿ ಮರೆಮಾಡಿ ತೋರಿಸುತ್ತ ತನ್ನ ಸಂಖ್ಯೆಯನ್ನು ತಾನೇ ಸಾರಬೇಕೆಂದು ಸೂಚಿಸಿದನು. ಛಂದಸ್ಸನ್ನು ಬಲ್ಲವರಿಗೆ ಈ ಏರ್ಪಾಡು ಹೊಸದಾಗಿ ತೋರದು: ಬೆಳಕಿನ ಹ್ರಸ್ವದೀರ್ಘಗಳು ಲಘುಗುರುಗಳಂತೆ, ನಡುವಣ ಕತ್ತಲೆಯು ಯತಿಯಂತೆ, ಮಿನುಗುಗಳ ಗುಂಪು ಗಣದಂತೆ. ಲಯದಿಂದಲೇ ಪದ್ಯದ ಜಾತಿಯನ್ನು ಗುರುತಿಸುವ ಹಾಗೆ ಲಯದಿಂದಲೇ ನಾವಿಕನು ಸ್ತಂಭವನ್ನು ಗುರುತಿಸುವನು.

ಆದರೆ ಕಣ್ಣು ಈ ಲಯವನ್ನು ಹೇಗೆ ಗ್ರಹಿಸುತ್ತದೆ? ಅತ್ಯಲ್ಪ ಕಾಲದ ಬೆಳಕಿನಲ್ಲಿ, ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ, ಪ್ರಖರತೆಯನ್ನೂ ಕಾಲವನ್ನೂ ಗುಣಿಸಿದ ಫಲವೇ ಮುಖ್ಯವೆಂದು ೧೮೮೫ರಲ್ಲಿ ಬ್ಲಾಕ್ ಎಂಬವನು ಕಂಡುಕೊಂಡನು. ೧೯೧೧ರಲ್ಲಿ ಫ್ರಾನ್ಸಿನ ಬ್ಲಾಂಡೆಲ್ ಮತ್ತು ರೇ ಎಂಬವರು ಇದನ್ನು ವಿಸ್ತರಿಸಿ, ದೂರದಿಂದ ಕಂಡೂ ಕಾಣದಂತಿರುವ ಮಿನುಗಿಗೆ ಒಂದು ಸೂತ್ರವನ್ನು ಕೊಟ್ಟರು. ಅದರಂತೆ ಮಿನುಗಿನ ಫಲರೂಪವಾದ ದೀಪ್ತಿಯನ್ನು ತಿಳಿಯಲು, ನಿಜವಾದ ದೀಪ್ತಿಯನ್ನು ಮಿನುಗಿನ ಕಾಲದಿಂದ ಗುಣಿಸಿ, ಆ ಕಾಲಕ್ಕೆ ೦.೨ ಸೆಕೆಂಡನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ಒಂದು ಸೆಕೆಂಡಿನ ಮಿನುಗು ಸ್ಥಿರದೀಪದ ಆರರಲ್ಲಿ ಐದು ಪಾಲಿನಷ್ಟು ಫಲಕಾರಿಯಾಗುವುದು, ೦.೨ ಸೆಕೆಂಡಿನದು ಅರ್ಧಪಾಲಿನಷ್ಟು, ೦.೦೫ ಸೆಕೆಂಡಿನದು ಐದನೆಯ ಒಂದು ಪಾಲಿನಷ್ಟು ಮಾತ್ರ. ಸೆಕೆಂಡಿನ ಸಾವಿರದಲ್ಲೊಂದು ಭಾಗ ಬೆಳಗಿ ಆರುವ ವಿದ್ಯುತ್ಸ್ಫುರಣಕ್ಕೆ ಇನ್ನೂರರಲ್ಲೊಂದು ಪಾಲಿನ ಫಲವೂ ದೊರೆಯದು.

ಇದಕ್ಕೆ ವಿರುದ್ಧವೆಂಬಂತೆ ಕಾಣುವ ಇನ್ನೊಂದು ಸಂಗತಿಯೂ ಇದೆ. ೧೯೦೨ರಲ್ಲಿ ಬ್ರೋಕಾ ಮತ್ತು ಸುಲ್ಜರ್ ಎಂಬವರು ತೋರಿಸಿಕೊಟ್ಟಂತೆ, ಬಹು ಪ್ರಖರವಾದ ಬೆಳಕು ಸೆಕೆಂಡಿನ ಇಪ್ಪತ್ತರಲ್ಲೊಂದರಿಂದ ಹತ್ತರಲ್ಲೊಂದು ಭಾಗದಷ್ಟು ಕಾಲ ಮಿನುಗಿದರೆ, ಅದೇ ಬೆಳಕು ಸ್ಥಿರವಾಗಿ ಉರಿಯುವಾಗ ಕಾಣುವುದಕ್ಕಿಂತಲೂ ಹೆಚ್ಚು ಉಜ್ಜ್ವಲವಾಗಿ ತೋರುವುದು. ಇವೆರಡು ಸಂಗತಿಗಳಿಗೆ ನಿಜವಾಗಿ ವಿರೋಧವಿಲ್ಲ. ಮೊದಲನೆಯದು ದೂರದ ಕ್ಷೀಣವಾದ ಬೆಳಕಿಗೆ ಸಂಬಂಧಿಸಿದುದು, ಎರಡನೆಯದು ಸಮೀಪದ ತೀಕ್ಷ್ಣವಾದ ಬೆಳಕಿಗೆ ಸಂಬಂಧಿಸಿದುದು. ಎರಡನ್ನೂ ಕೂಡಿಸಿ ನೋಡಿದರೆ ತುರ್ತುವಾಹನದ ದೀಪದ ಮುಖ್ಯವಾದ ಕಷ್ಟವು ವ್ಯಕ್ತವಾಗುವುದು. ಅತಿ ಹ್ರಸ್ವವೂ ಅತಿ ತೀಕ್ಷ್ಣವೂ ಆದ ಮಿನುಗು, ಯಾರಿಗೆ ಮುಂಚಿತವಾಗಿ ಎಚ್ಚರಿಕೆ ಬೇಕೋ ಆ ದೂರದ ಚಾಲಕನಿಗೆ ದುರ್ಬಲವಾಗಿ ಕಾಣುತ್ತದೆ. ಯಾರು ಅದನ್ನು ಆಗಲೇ ಕಂಡಿರುವನೋ ಆ ಸಮೀಪದ ಚಾಲಕನ ಕಣ್ಣನ್ನು ಕೋರೈಸುತ್ತದೆ.

ಇನ್ನು ಮಿನುಗಿನ ವೇಗದ ವಿಚಾರ. ಅಮೆರಿಕದ ವಾಹನಶಿಲ್ಪಿಗಳ ಸಂಘದ ನಿಯಮವು ನಿಮಿಷಕ್ಕೆ ೬೦ರಿಂದ ೨೪೦ ಮಿನುಗುಗಳನ್ನೂ, ಯುರೋಪಿನಲ್ಲಿ ಆಚರಣೆಯಲ್ಲಿರುವ ೬೫ನೆಯ ನಿಯಮವು ಸೆಕೆಂಡಿಗೆ ೨ರಿಂದ ೪ನ್ನೂ ಒಪ್ಪುತ್ತವೆ. ವೇಗವು ಹೆಚ್ಚಿದಂತೆ ತ್ವರೆಯ ಭಾವವೂ ಹೆಚ್ಚುವುದೆಂಬುದು ನಿಜ. ೨೦೧೪ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಪ್ರಯೋಗದಲ್ಲಿ ಸೆಕೆಂಡಿಗೆ ನಾಲ್ಕು ಸಲ ಮಿನುಗುವ ದೀಪವು ಒಂದು ಸಲ ಮಿನುಗುವುದಕ್ಕಿಂತ ಹೆಚ್ಚು ತುರ್ತನ್ನು ಸೂಚಿಸಿತು. ಆದರೆ ಈ ಮಾರ್ಗದಲ್ಲಿ ಬಹುದೂರ ಸಾಗುವಂತಿಲ್ಲ. ವೇಗವು ಅತಿಯಾದರೆ ಮಿನುಗುಗಳು ಒಂದರೊಡನೊಂದು ಬೆರೆತು, ಕೊನೆಗೆ ಸ್ಥಿರಪ್ರಕಾಶದಂತೆಯೇ ತೋರುವುವು. ಮೇಲಾಗಿ, ಬೆಳಕಿಗೆ ಸೂಕ್ಷ್ಮಗ್ರಾಹಿಗಳಾದ ಅಪಸ್ಮಾರರೋಗಿಗಳಿಗೆ ಸೆಕೆಂಡಿಗೆ ೧೫ರಿಂದ ೨೫ ಸಲದ ಮಿನುಗು ವಿಶೇಷವಾಗಿ ಅಪಾಯಕರ. ೧೯೯೭ರ ಡಿಸೆಂಬರ್ ೧೬ರಂದು ಜಪಾನಿನ ದೂರದರ್ಶನದ ಒಂದು ಮಕ್ಕಳ ಚಿತ್ರದಲ್ಲಿ ಕೆಂಪು ನೀಲಿಗಳು ಸೆಕೆಂಡಿಗೆ ಸುಮಾರು ೧೨ ಸಲ ಪರ್ಯಾಯವಾಗಿ ಮಿನುಗಿದಾಗ, ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಒಂದು ದೀಪಕ್ಕೆ ನಾಲ್ಕೇ ಮಿನುಗೆಂಬ ಮಿತಿಯಿದ್ದರೂ, ಹಲವು ದೀಪಗಳು ತಾಳತಪ್ಪಿ ಮಿನುಗಿದರೆ ಒಟ್ಟು ವೇಗವು ಮಿತಿಯನ್ನು ಮೀರುವುದೆಂಬುದನ್ನು ಮರೆಯಲಾಗದು.

ಇಷ್ಟೇ ಮುಖ್ಯವಾದುದು ಮಿನುಗುಗಳ ನಡುವಣ ಕತ್ತಲೆ. ದೀಪವನ್ನು ಕಂಡ ಚಾಲಕನು ‘ಅದು ಎಲ್ಲಿದೆ? ನಾನು ಎಷ್ಟು ಬೇಗ ಅದನ್ನು ಸಮೀಪಿಸುತ್ತಿರುವೆನು?’ ಎಂಬುದನ್ನೂ ನಿರ್ಧರಿಸಬೇಕು. ಬೆಳಕು ಪೂರ್ತಿಯಾಗಿ ಆರಿಹೋದ ಗಳಿಗೆಯಲ್ಲಿ ಅವನ ಕಣ್ಣಿಗೆ ಹಿಡಿಯಲು ಏನೂ ಉಳಿಯದು. ಆದುದರಿಂದ ದೀಪವು ಸಂಪೂರ್ಣವಾಗಿ ಆರದೆ, ತನ್ನ ಪರಮದೀಪ್ತಿಯ ಹತ್ತರಲ್ಲೊಂದು ಪಾಲಿನಷ್ಟಾದರೂ ಉಳಿಸಿಕೊಂಡು ಏರಿಳಿದರೆ, ಅಂತರವು ಕಡಮೆಯಾಗುತ್ತಿರುವುದು ಬೇಗನೆ ಗೋಚರಿಸುವುದೆಂದು ಇತ್ತೀಚಿನ ಪ್ರಯೋಗಗಳು ಸೂಚಿಸಿವೆ. ಏರಿಳಿತವು ಗಮನವನ್ನು ಸೆಳೆದರೆ, ಉಳಿದ ಬೆಳಕು ಸ್ಥಾನವನ್ನು ತೋರುವುದು.

ಬಣ್ಣದ ವಿಷಯದಲ್ಲಿಯೂ ಕಾಲಭೇದವುಂಟು. ಮುಸ್ಸಂಜೆಯಲ್ಲಿ ಕೆಂಪು ಕಂದುತ್ತದೆ, ನೀಲಿ ಬೆಳಗುತ್ತದೆ ಎಂಬುದನ್ನು ೧೮೨೫ರಲ್ಲಿಯೇ ಪುರ್ಕಿನ್ಯೆ ಎಂಬ ವಿದ್ವಾಂಸನು ಗುರುತಿಸಿದ್ದನು. ೨೦೦೮ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಬಿಳಿ, ಹಳದಿ, ಕೆಂಪು, ನೀಲಿ ಎಂಬ ನಾಲ್ಕು ಬಣ್ಣಗಳನ್ನು ಎರಡು ಪ್ರಖರತೆಗಳಲ್ಲಿ, ಹಗಲೂ ಇರುಳೂ ಪರೀಕ್ಷಿಸಿ ಮೂರು ಸೂಚನೆಗಳನ್ನಿತ್ತರು: ಹಗಲಿಗೊಂದು, ಇರುಳಿಗೊಂದು ಪ್ರಖರತೆಯಿರಬೇಕು, ನೀಲಿಯನ್ನು ಹೆಚ್ಚಾಗಿ ಬಳಸಬೇಕು, ವಾಹನವು ದಾರಿಗೆ ಅಡ್ಡವಾಗಿದೆಯೇ ಇಲ್ಲವೇ ಎಂಬುದನ್ನು ಬಣ್ಣದಿಂದಲೇ ತಿಳಿಸಬೇಕು. ಮೂರನೆಯ ಸೂಚನೆಯು ವಿಶೇಷವಾಗಿ ಗಮನಾರ್ಹ. ಧಾವಿಸುವ ವಾಹನವು ‘ದಾರಿ ಬಿಡಿ’ ಎನ್ನುತ್ತದೆ, ನಿಂತ ವಾಹನವು ‘ಬಳಸಿ ಹೋಗಿ’ ಎನ್ನುತ್ತದೆ. ಭಿನ್ನವಾದ ಈ ಎರಡರ್ಥಗಳಿಗೆ ಒಂದೇ ಪದವನ್ನು ಬಳಸಿದರೆ ಕೇಳುವವನಿಗೆ ಸಂದೇಹವುಂಟಾಗುವುದು ಸಹಜವಲ್ಲವೆ?

ಇರುಳಿನ ಪ್ರಖರತೆಯ ಪ್ರಶ್ನೆಯಲ್ಲಿ ಮನುಷ್ಯಪ್ರಾಣವೇ ಅಡಗಿದೆ. ತೀಕ್ಷ್ಣವಾದ ಬೆಳಕು ಕಣ್ಣನ್ನು ಹೊಕ್ಕಾಗ ಅದರ ಒಂದು ಪಾಲು ಕಣ್ಣಿನೊಳಗೇ ಚದುರಿ, ನೋಟದ ಮೇಲೆ ಮಂಜಿನಂತೆ ಕವಿಯುತ್ತದೆ. ಅಪಘಾತದ ಸ್ಥಳದಲ್ಲಿ ಗಾಯಾಳುವಿನ ಬಳಿ ಬಾಗಿರುವ ಶುಶ್ರೂಷಕನು, ರಸ್ತೆಯ ಮೇಲೆ ನಿಂತಿರುವ ಪೋಲೀಸಿನವನು ಆ ಮಂಜಿನಲ್ಲಿ ಮರೆಯಾಗುವರು. ಹೀಗೆ ವಾಹನವು ಎಷ್ಟು ಸ್ಪಷ್ಟವಾಗಿ ಕಾಣುವುದೋ ಅದರ ಪಕ್ಕದ ಮನುಷ್ಯನು ಅಷ್ಟೇ ಅಸ್ಪಷ್ಟನಾಗುವನು. ರಕ್ಷಣೆಗೆಂದು ಹೊತ್ತಿಸಿದ ದೀಪವೇ ರಕ್ಷಕನನ್ನು ಮರೆಮಾಡುವ ಈ ವಿಪರ್ಯಾಸವನ್ನು ತಪ್ಪಿಸಲು, ವಾಹನವು ನಿಂತೊಡನೆ ಇರುಳಿನಲ್ಲಿ ಪ್ರಖರತೆಯನ್ನು ತಗ್ಗಿಸುವುದು, ಅನಾವಶ್ಯಕವಾದ ದೀಪಗಳನ್ನು ಆರಿಸುವುದು, ಸಿಬ್ಬಂದಿಯ ಉಡುಪಿಗೆ ಬೆಳಕನ್ನು ಹಿಂತಿರುಗಿಸುವ ಪಟ್ಟಿಗಳನ್ನು ಹೊಲಿಯುವುದು ಉಚಿತವಾದ ಕ್ರಮಗಳಾಗಿವೆ.

ಕಣ್ಣಿನ ಧರ್ಮಗಳೆಲ್ಲವನ್ನೂ ಪಾಲಿಸಿದರೂ ಸಂಕೇತದ ಅರ್ಥವು ಸಮಾಜದ ಒಪ್ಪಂದದಿಂದಲೇ ನಿಲ್ಲತಕ್ಕದ್ದು. ಭಾರತದಲ್ಲಿ ಕೆಂಪು ದೀಪವು ಬಹುಕಾಲ ತುರ್ತಿನ ಚಿಹ್ನೆಯಾಗಿರುವುದರ ಜೊತೆಗೆ ಅಧಿಕಾರದ ಚಿಹ್ನೆಯೂ ಆಗಿದ್ದಿತು. ೨೦೧೩ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ಬಳಕೆಗೆ ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಿತು. ೨೦೧೭ರ ಏಪ್ರಿಲ್ ೧೯ರಂದು ಕೇಂದ್ರ ಮಂತ್ರಿಮಂಡಲವು ಕೈಕೊಂಡ ನಿರ್ಣಯದಂತೆ, ಅದೇ ವರ್ಷದ ಮೇ ೧ರಿಂದ ಗಣ್ಯರ ವಾಹನಗಳ ಮೇಲಣ ದೀಪಗಳು ಇಳಿದುವು. ತುರ್ತುಸೇವೆಯ ವಾಹನಗಳಿಗೆ ಮಾತ್ರ ಅವಕಾಶವುಳಿಯಿತು. ಕೆಂಪು ದೀಪವನ್ನು ಕಂಡು ಯಾರೋ ಅಧಿಕಾರಿಯ ಸವಾರಿಯೆಂದು ಬೇಸರಗೊಳ್ಳುವ ಜನರು, ಅದೇ ದೀಪದ ಆಂಬುಲೆನ್ಸಿಗೆ ಮನಃಪೂರ್ವಕವಾಗಿ ದಾರಿ ಬಿಡುವರೆಂದು ನಿರೀಕ್ಷಿಸುವುದು ಕಷ್ಟ. ನಾನಾರ್ಥವು ಕಾವ್ಯದಲ್ಲಿ ಶ್ಲೇಷವೆನಿಸಿ ಶೋಭಿಸಬಹುದು. ಪ್ರಾಣರಕ್ಷಣೆಯ ಸಂಕೇತಕ್ಕೆ ಅದು ದೋಷವೇ ಸರಿ.

ಅಲಂಕಾರವು ತನ್ನ ಸ್ಥಾನದಲ್ಲಿದ್ದರೆ ಮಾತ್ರ ಅಲಂಕಾರವೆಂಬುದು ಔಚಿತ್ಯವನ್ನು ವಿಚಾರಿಸಿದ ಕ್ಷೇಮೇಂದ್ರನ ಮತ. ಮಿನುಗುದೀಪಕ್ಕೂ ಇದೇ ನ್ಯಾಯ. ದೂರದಲ್ಲಿ ಕಾಣುವಷ್ಟು ದೀರ್ಘವಾಗಿ, ತ್ವರೆಯನ್ನು ತಿಳಿಸುವಷ್ಟು ವೇಗವಾಗಿ, ಹಗಲಿನಲ್ಲಿ ಪ್ರಖರವಾಗಿ, ಇರುಳಿನಲ್ಲಿ ಸೌಮ್ಯವಾಗಿ, ಒಂದೇ ಅರ್ಥದಲ್ಲಿ ನಿಯತವಾಗಿ ಬೆಳಗುವ ದೀಪವೇ ತನ್ನ ಕೆಲಸವನ್ನು ಚೆನ್ನಾಗಿ ನೆರವೇರಿಸುವುದು.